‘ಪರಸ್ಪರ’ ಎಲ್ಲಿ, ‘ಒಬ್ಬರನ್ನೊಬ್ಬರು’ ಎಲ್ಲಿ: ಎರಡು ಕಡೆಯ ಸಂಬಂಧವನ್ನು ಕನ್ನಡದಲ್ಲಿ ಬರೆಯುವ ಬಗೆ

‘ವಧೂವರರು ಹಾರ ಹಾಕಿಕೊಂಡರು.’ ವ್ಯಾಕರಣದ ಲೆಕ್ಕದಲ್ಲಿ ಈ ವಾಕ್ಯಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಯಾರ ಹಾರ ಯಾರ ಕೊರಳಿಗೆ ಬಿತ್ತು ಎಂದು ಕೇಳಿದರೆ ವಾಕ್ಯ ಬಾಯಿ ಬಿಡುವುದಿಲ್ಲ. ಅವರವರ ಹಾರವನ್ನು ಅವರವರೇ ಹಾಕಿಕೊಂಡರು ಎಂದೂ ಓದಬಹುದು. ಮದುವೆಯಲ್ಲಿ ನಡೆಯುವುದು ಏನೆಂದು ಎಲ್ಲರಿಗೂ ಗೊತ್ತಿರುವುದರಿಂದ ಓದುಗರು ತಾವೇ ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಇದೇ ರಚನೆ ಕರಾರುಪತ್ರದಲ್ಲೋ, ಸಂಘದ ನಡಾವಳಿಯಲ್ಲೋ, ಪಾಠದ ಪುಸ್ತಕದಲ್ಲೋ ಬಂದರೆ ಹಾಗೆ ತಿದ್ದಿಕೊಳ್ಳಲು ಓದುಗರ ಬಳಿ ಏನೂ ಇರುವುದಿಲ್ಲ.

ಎರಡೂ ಕಡೆಯಿಂದ ನಡೆಯುವ ಕ್ರಿಯೆಯನ್ನು ಹೇಳಲು ಕನ್ನಡದಲ್ಲಿ ಸಲಕರಣೆಗಳಿಗೆ ಬರವಿಲ್ಲ. ಸಂಸ್ಕೃತದಿಂದ ಬಂದ ‘ಪರಸ್ಪರ’, ‘ಅನ್ಯೋನ್ಯ’, ‘ಉಭಯ’ ಇವೆ. ಅಚ್ಚಗನ್ನಡದ ‘ಒಬ್ಬರನ್ನೊಬ್ಬರು’, ‘ಒಂದಕ್ಕೊಂದು’ ಇವೆ. ಕ್ರಿಯಾಪದದ ಬಾಲಕ್ಕೆ ಅಂಟುವ ‘ಆಡು’, ‘ಕೊಳ್ಳು’ ಇವೆ. ತೊಂದರೆ ಬರುವುದು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಾಗ, ಇಲ್ಲವೇ ಮೂರನ್ನೂ ಒಟ್ಟಿಗೆ ಸುರಿದಾಗ.

ಹಂತ 1: ಬರೆಯುವ ಮೊದಲು ಬಾಣದ ಗುರುತು ಹಾಕಿ

ಹಾಳೆಯ ಮೇಲೆ ಇಬ್ಬರನ್ನು ಎರಡು ಚುಕ್ಕಿಗಳಾಗಿ ಇಡಿ. ಕ್ರಿಯೆ ಯಾರಿಂದ ಯಾರ ಕಡೆಗೆ ಹೋಗುತ್ತದೆಯೋ ಆ ಕಡೆಗೆ ಬಾಣ ಎಳೆಯಿರಿ. ನಾಲ್ಕು ಚಿತ್ರಗಳಲ್ಲಿ ಒಂದು ಬರುತ್ತದೆ.

ಬಾಣ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಎರಡೂ ಇದ್ದರೆ ಅದು ಪರಸ್ಪರ: ‘ಇಬ್ಬರೂ ಒಬ್ಬರನ್ನೊಬ್ಬರು ನಂಬಿದರು.’ ಎರಡು ಚುಕ್ಕಿಗಳಿಂದಲೂ ಹೊರಟ ಬಾಣಗಳು ಮೂರನೆಯ ಚುಕ್ಕಿಗೆ ಹೋಗಿ ಮುಟ್ಟಿದರೆ ಅದು ಹಂಚಿಕೆಯ ಸಂಬಂಧ: ‘ಇಬ್ಬರಿಗೂ ಒಬ್ಬನೇ ಗೆಳೆಯ’, ‘ಇಬ್ಬರ ಜಂಟಿ ಖಾತೆ.’ ಬಾಣ ಹೊರಟ ಚುಕ್ಕಿಗೇ ತಿರುಗಿ ಬಂದರೆ ಅದು ಅವರವರ ಪಾಡಿನದು: ‘ಇಬ್ಬರೂ ತಮ್ಮ ತಮ್ಮ ತಟ್ಟೆ ತೊಳೆದರು.’ ಬಾಣಗಳು ಸಾಲಾಗಿ ಮುಂದಕ್ಕೆ ಮಾತ್ರ ಹೋದರೆ ಅದು ಸರಪಳಿ: ‘ಒಬ್ಬರ ಹಿಂದೊಬ್ಬರು ನಿಂತರು.’

ಈ ನಾಲ್ಕನೆಯದು ಹೊರನೋಟಕ್ಕೆ ‘ಒಬ್ಬರನ್ನೊಬ್ಬರು’ ಎಂಬ ಅಚ್ಚಿನಲ್ಲೇ ಇದೆ. ಆದರೆ ನಾನು ನಿಮ್ಮ ಹಿಂದೆ ಇರುವಾಗ ನೀವು ನನ್ನ ಹಿಂದೆ ಇರಲಾರಿರಿ. ‘ಒಂದರ ಮೇಲೊಂದು’, ‘ಒಬ್ಬರಾದ ಮೇಲೊಬ್ಬರು’, ‘ಒಂದರೊಳಗೊಂದು’ ಇವೂ ಇದೇ ಜಾತಿಯವು. ಇಲ್ಲಿ ‘ಪರಸ್ಪರ’ ಹಾಕಿ ನೋಡಿ: ‘ಪೆಟ್ಟಿಗೆಗಳನ್ನು ಪರಸ್ಪರ ಮೇಲೆ ಇಟ್ಟರು.’ ವಾಕ್ಯ ಅಲ್ಲೇ ಮುರಿದು ಬೀಳುತ್ತದೆ. ‘ಪರಸ್ಪರ’ ಹಾಕಿದರೆ ಮುರಿಯುವ ಕಡೆ ಸಂಬಂಧ ಸರಪಳಿಯದು ಎಂದು ಗುರುತು ಹಿಡಿಯಬಹುದು.

ಇಬ್ಬರಿಗಿಂತ ಹೆಚ್ಚು ಮಂದಿ ಇದ್ದಾಗ ಈ ವ್ಯತ್ಯಾಸ ಸಂಖ್ಯೆಯಲ್ಲೇ ಕಾಣುತ್ತದೆ. ಹತ್ತು ಮಂದಿ ಸಾಲಾಗಿ ಒಬ್ಬರಿಗೊಬ್ಬರು ಬಕೆಟ್ ದಾಟಿಸಿದರೆ ಕೈ ಬದಲಾಗುವುದು 9 ಸಲ. ಅದೇ ಹತ್ತು ಮಂದಿ ಪರಸ್ಪರ ಕೈಕುಲುಕಿದರೆ 45 ಕೈಕುಲುಕು. ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರಿಗೂ ಒಂದೊಂದು ಉಡುಗೊರೆ ಕೊಟ್ಟರೆ 90 ಉಡುಗೊರೆ. ‘ಹತ್ತು ಸದಸ್ಯರು ಪರಸ್ಪರ ಉಡುಗೊರೆ ನೀಡತಕ್ಕದ್ದು’ ಎಂದು ಸೂಚನಾಪತ್ರ ಬರೆಯುವವರಿಗೆ ಮನಸ್ಸಿನಲ್ಲಿ ಇರುವುದು ಹತ್ತೋ ತೊಂಬತ್ತೋ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಇಬ್ಬರನ್ನು ದಾಟಿದ ಕೂಡಲೇ ಯಾರು ಯಾರಿಗೆ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಹಂತ 2: ‘ಪರಸ್ಪರ’ದ ಮೈಕಟ್ಟು ತಿಳಿದುಕೊಳ್ಳಿ

‘ಪರ’ ಎಂದರೆ ಬೇರೆಯವನು, ಆಚೆಯವನು. ಸಂಸ್ಕೃತದಲ್ಲಿ ಆ ಪದವನ್ನೇ ಎರಡು ಸಲ ಹೇಳಿ, ಮೊದಲನೆಯದರ ವಿಸರ್ಗ ಸಕಾರವಾಗಿ, ‘ಪರಃ’ ಮತ್ತು ‘ಪರ’ ಸೇರಿ ‘ಪರಸ್ಪರ’ ಆಗಿದೆ. ‘ಅನ್ಯ’ವನ್ನು ಎರಡು ಸಲ ಹೇಳಿದರೆ ‘ಅನ್ಯೋನ್ಯ’, ‘ಇತರ’ವನ್ನು ಎರಡು ಸಲ ಹೇಳಿದರೆ ‘ಇತರೇತರ’. ಕನ್ನಡದ ‘ಒಬ್ಬರನ್ನೊಬ್ಬರು’ ಕೂಡ ಇದೇ ಉಪಾಯ, ಒಂದೇ ಪದವನ್ನು ಎರಡು ಸಲ ಹೇಳುವುದು. ಅವರು ‘ಬೇರೆಯವನು’ ಎಂಬುದನ್ನು ಇಮ್ಮಡಿಸಿದರು, ನಾವು ‘ಒಬ್ಬ’ ಎಂಬುದನ್ನು.

ಕಾಗುಣಿತದಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ‘ಸ್ಪ’ ಬದಲು ‘ಸ್ಫ’ ಬರೆಯುತ್ತಾರೆ. ‘ಸ್ಫೂರ್ತಿ’, ‘ಸ್ಫೋಟ’ಗಳ ಪ್ರಭಾವ ಅದು. ಇಲ್ಲಿರುವುದು ‘ಪರ’ದ ಅಲ್ಪಪ್ರಾಣ ಪಕಾರ, ಹೊಟ್ಟೆ ಸೀಳಬಾರದು. ಇನ್ನೊಂದು, ಭಾವನಾಮ ಮಾಡುವಾಗ ‘ಪಾರಸ್ಪರತೆ’ ಎಂಬ ಕಲಬೆರಕೆ. ‘ಪರಸ್ಪರತೆ’ ಎನ್ನಿ ಅಥವಾ ‘ಪಾರಸ್ಪರ್ಯ’ ಎನ್ನಿ. ವಿಶೇಷಣ ಬೇಕಾದರೆ ‘ಪಾರಸ್ಪರಿಕ’ ಇದೆ. ಎರಡನ್ನೂ ಬೆರೆಸಬೇಡಿ. ಸಮಾಸ ಮಾಡಿದರೆ ‘ಪರಸ್ಪರಾವಲಂಬನೆ’ ಸವರ್ಣದೀರ್ಘ ಸಂಧಿ, ‘ಪರಸ್ಪರೋಪಕಾರ’ ಗುಣಸಂಧಿ. ಬಿಡಿಸಿ ‘ಪರಸ್ಪರ ಅವಲಂಬನೆ’ ಎಂದು ಬರೆದರೂ ತಪ್ಪಿಲ್ಲ, ಓದಲು ಅದೇ ಹಗುರ.

ಈ ಪದ ಕನ್ನಡದಲ್ಲಿ ಮೂರು ಕಡೆ ಕೂರುತ್ತದೆ. ನಾಮಪದದ ಮುಂದೆ: ಪರಸ್ಪರ ನಂಬಿಕೆ, ಪರಸ್ಪರ ಸಹಕಾರ, ಪರಸ್ಪರ ದ್ವೇಷ. ಕ್ರಿಯಾಪದದ ಮುಂದೆ: ಪರಸ್ಪರ ಚರ್ಚಿಸಿದರು, ಪರಸ್ಪರ ಒಪ್ಪಿಕೊಂಡರು. ಮತ್ತೆ ತಾನೇ ಸರ್ವನಾಮದ ಹಾಗೆ ವಿಭಕ್ತಿ ತೊಟ್ಟು: ಪರಸ್ಪರರನ್ನು ಗೌರವಿಸಿದರು, ಪರಸ್ಪರರ ಅಭಿಪ್ರಾಯ. ಮೂರನೆಯದು ಬರಹದ ಕನ್ನಡಕ್ಕೆ ಒಗ್ಗಿದ ರೂಪ, ಮನುಷ್ಯರಿಗೆ ಮಾತ್ರ. ‘ಗ್ರಹಗಳು ಪರಸ್ಪರರನ್ನು ಆಕರ್ಷಿಸುತ್ತವೆ’ ಎಂದು ಬರೆದರೆ ಗ್ರಹಗಳು ಮನುಷ್ಯರಾಗಿಬಿಡುತ್ತವೆ. ‘ಒಂದನ್ನೊಂದು ಆಕರ್ಷಿಸುತ್ತವೆ’ ಎಂದೇ ಬರೆಯಬೇಕು.

ಹಂತ 3: ‘ಒಬ್ಬರನ್ನೊಬ್ಬರು’ ಕಟ್ಟುವ ಕ್ರಮ

ಮನೆಯಲ್ಲಿ ಯಾರೂ ‘ಪರಸ್ಪರ’ ಎನ್ನುವುದಿಲ್ಲ. ‘ಒಬ್ರಿಗೊಬ್ರು ಮಾತಾಡ್ತಿಲ್ಲ’, ‘ಒಬ್ರನ್ನೊಬ್ರು ಬಿಟ್ಟಿರಲ್ಲ’ ಎನ್ನುತ್ತೇವೆ. ಆಡುವಾಗ ತಪ್ಪದ ಈ ರಚನೆ ಬರೆಯುವಾಗ ತಪ್ಪುತ್ತದೆ. ಇದರ ನಿಯಮ ಗೊತ್ತಿದ್ದರೆ ಕೈ ನಡುಗುವುದಿಲ್ಲ.

ಇಲ್ಲಿ ‘ಒಬ್ಬರು’ ಎರಡು ಸಲ ಬರುತ್ತದೆ. ಕ್ರಿಯೆ ಯಾರಿಗೆ ತಗುಲುತ್ತದೆಯೋ ಅವರ ವಿಭಕ್ತಿಯನ್ನು ಮೊದಲ ‘ಒಬ್ಬರು’ ತೊಡುತ್ತದೆ. ಎರಡನೆಯ ‘ಒಬ್ಬರು’ ಕೆಲಸ ಮಾಡುವವರ ವಿಭಕ್ತಿಯಲ್ಲಿ ಇರುತ್ತದೆ. ಮಾಡುವವರು ಹೆಚ್ಚಾಗಿ ಪ್ರಥಮಾ ವಿಭಕ್ತಿಯಲ್ಲಿ ಇರುವುದರಿಂದ ಎರಡನೆಯದು ಬರಿದೇ ‘ಒಬ್ಬರು’ ಆಗಿ ಉಳಿಯುತ್ತದೆ:

ಒಬ್ಬರನ್ನು + ಒಬ್ಬರು = ಒಬ್ಬರನ್ನೊಬ್ಬರು ನೋಡಿದರು
ಒಬ್ಬರಿಗೆ + ಒಬ್ಬರು = ಒಬ್ಬರಿಗೊಬ್ಬರು ನೆರವಾದರು
ಒಬ್ಬರಿಂದ + ಒಬ್ಬರು = ಒಬ್ಬರಿಂದೊಬ್ಬರು ಕಲಿತರು
ಒಬ್ಬರ ಮೇಲೆ + ಒಬ್ಬರು = ಒಬ್ಬರ ಮೇಲೊಬ್ಬರು ದೂರು ಕೊಟ್ಟರು

ನಾಲ್ಕೂ ಕಡೆ ಆಗಿರುವುದು ಲೋಪಸಂಧಿ. ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗಿದೆ, ಅಷ್ಟೆ. ಇದಕ್ಕೆ ಇನ್ನೊಂದು ಪ್ರತ್ಯಯ ಸೇರಿಸಿ ‘ಒಬ್ಬರನ್ನೊಬ್ಬರನ್ನು ನೋಡಿದರು’, ‘ಒಬ್ಬರಿಗೊಬ್ಬರಿಗೆ ನೆರವಾದರು’ ಎಂದು ಬರೆಯುವುದು ದೊಡ್ಡ ದೊಡ್ಡ ಬರಹಗಳಲ್ಲೂ ಕಾಣುವ ತಪ್ಪು. ಎರಡನೆಯದಕ್ಕೂ ‘ಅನ್ನು’ ಹಾಕಿದ ಮೇಲೆ ನೋಡುವವರು ಯಾರು? ಯಾರೂ ಉಳಿಯಲಿಲ್ಲ.

ಹಾಗೆಂದು ಎರಡನೆಯ ‘ಒಬ್ಬರು’ ಯಾವತ್ತೂ ಬರಿದೇ ಇರಬೇಕು ಎಂದಲ್ಲ. ಎಷ್ಟೋ ವ್ಯಾಕರಣದ ಟಿಪ್ಪಣಿಗಳು ಇಲ್ಲಿಯವರೆಗೆ ಬಂದು ನಿಂತುಬಿಡುತ್ತವೆ. ಕನ್ನಡದಲ್ಲಿ ಅನುಭವಿಸುವವರು ಚತುರ್ಥಿಯಲ್ಲಿ ಬರುತ್ತಾರೆ: ನನಗೆ ಹಸಿವು, ಅವರಿಗೆ ನಂಬಿಕೆ, ಅವಳಿಗೆ ಕೋಪ. ಆಗ ಎರಡನೆಯ ‘ಒಬ್ಬರು’ ಕೂಡ ಚತುರ್ಥಿಗೆ ಬರಬೇಕು. ‘ಅವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ.’ ‘ಅಣ್ಣತಮ್ಮಂದಿರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು.’ ಇಲ್ಲಿ ‘ಒಬ್ಬರ ಮೇಲೊಬ್ಬರು ನಂಬಿಕೆಯಿಲ್ಲ’ ಎಂದರೆ ಕಿವಿಗೇ ಕಲ್ಲು ಸಿಕ್ಕ ಹಾಗಾಗುತ್ತದೆ.

ಇನ್ನೂ ಒಂದು ಸಂದರ್ಭ ಇದೆ. ಕೆಲಸ ಮಾಡುವವರು ಹೊರಗಿನ ಮೂರನೆಯವರು, ಪರಸ್ಪರ ಸಂಬಂಧ ಇರುವುದು ಕೆಲಸಕ್ಕೆ ಒಳಗಾದವರ ನಡುವೆ. ‘ಜಗಳವಾಡುತ್ತಿದ್ದ ಇಬ್ಬರನ್ನೂ ಜನ ಒಬ್ಬರಿಂದೊಬ್ಬರನ್ನು ಬಿಡಿಸಿದರು.’ ಬಿಡಿಸಿಕೊಂಡವರು ದ್ವಿತೀಯೆಯಲ್ಲಿ ಇದ್ದಾರೆ, ಹಾಗಾಗಿ ಎರಡನೆಯ ‘ಒಬ್ಬರು’ ಕೂಡ ದ್ವಿತೀಯೆಯಲ್ಲಿ ಇದೆ. ವಸ್ತುಗಳಾದರೆ ‘ಅನ್ನು’ ಉದುರಿಹೋಗುವುದು ಕನ್ನಡದ ರೂಢಿ: ‘ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ.’ ‘ಒಂದಕ್ಕೊಂದನ್ನು’ ಎಂದರೂ ಸರಿಯೇ, ಆದರೆ ಯಾರೂ ಹಾಗೆ ಹೇಳುವುದಿಲ್ಲ.

ಒಟ್ಟಿನಲ್ಲಿ ಪರೀಕ್ಷೆ ಇಷ್ಟು. ವಾಕ್ಯದಲ್ಲಿ ಆ ಗುಂಪನ್ನು ಹೇಳುವ ಪದ ಯಾವುದು? ಅದು ಯಾವ ವಿಭಕ್ತಿಯಲ್ಲಿದೆ? ಎರಡನೆಯ ‘ಒಬ್ಬರು’ ಅದೇ ವಿಭಕ್ತಿಯಲ್ಲಿ ಇರಬೇಕು. ಗುಂಪು ‘ಅವರು’ ಆದರೆ ‘ಒಬ್ಬರು’, ‘ಅವರಿಗೆ’ ಆದರೆ ‘ಒಬ್ಬರಿಗೆ’, ‘ಅವರನ್ನು’ ಆದರೆ ‘ಒಬ್ಬರನ್ನು’.

ಎರಡು ‘ಒಬ್ಬರು’ಗಳ ನಡುವೆ ಬೇರೆ ಪದ ಬರಬಹುದು, ಬಂದರೆ ವಾಕ್ಯಕ್ಕೆ ಒಳ್ಳೆಯ ಲಯ ಸಿಗುತ್ತದೆ: ‘ಒಬ್ಬರ ಮುಖ ಒಬ್ಬರು ನೋಡಿಕೊಂಡರು’, ‘ಒಬ್ಬರ ಮಾತಿಗೆ ಒಬ್ಬರು ಬೆಲೆ ಕೊಡಲಿಲ್ಲ.’ ಆಗ ಸಂಧಿ ಬೇಡ, ಬಿಡಿಸಿಯೇ ಬರೆಯಿರಿ.

ಲಿಂಗದ ವಿಷಯಕ್ಕೆ ಬಂದರೆ, ಗೌರವ ಬೇಕಿಲ್ಲದ ಕಡೆ, ಎಲ್ಲರೂ ಗಂಡಸರಾದರೆ ‘ಒಬ್ಬನನ್ನೊಬ್ಬ’, ಎಲ್ಲರೂ ಹೆಂಗಸರಾದರೆ ‘ಒಬ್ಬಳನ್ನೊಬ್ಬಳು’. ಬೆರೆತಿದ್ದರೆ ‘ಒಬ್ಬರನ್ನೊಬ್ಬರು’ ಬಿಟ್ಟು ಬೇರೆ ದಾರಿಯಿಲ್ಲ. ಪ್ರಾಣಿ, ವಸ್ತು, ಊರು, ದೇಶ, ಸಂಸ್ಥೆಗಳಿಗೆ ‘ಒಂದನ್ನೊಂದು’, ‘ಒಂದಕ್ಕೊಂದು’. ರೂಪ ಏಕವಚನದ್ದಾದರೂ ಕ್ರಿಯಾಪದ ಬಹುವಚನದ್ದೇ: ‘ಹುಡುಗರು ಒಬ್ಬನನ್ನೊಬ್ಬ ತಳ್ಳಿದರು’, ‘ತಳ್ಳಿದ’ ಅಲ್ಲ. ‘ನಾವು’ ಇದ್ದಾಗ ಇನ್ನೊಂದು ಗುಂಡಿ ಕಾದಿರುತ್ತದೆ. ‘ಒಬ್ಬರು’ ಎಂಬ ಪದ ಕ್ರಿಯಾಪದದ ಪಕ್ಕದಲ್ಲೇ ಇರುವುದರಿಂದ ‘ನಾವು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡರು’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಕ್ರಿಯಾಪದ ಹೊಂದಬೇಕಾದದ್ದು ‘ನಾವು’ ಜೊತೆ: ‘ಅರ್ಥ ಮಾಡಿಕೊಂಡೆವು.’

‘ಒಬ್ಬರು ಇನ್ನೊಬ್ಬರನ್ನು’ ಎಂಬುದನ್ನು ಇದರ ಬದಲಿಗೆ ಬಳಸಬೇಡಿ. ‘ಒಬ್ಬರು ಇನ್ನೊಬ್ಬರನ್ನು ದೂರಿದರು’ ಎಂದರೆ ಇಬ್ಬರಲ್ಲಿ ಒಬ್ಬರು ಮಾತ್ರ ದೂರಿದರು ಎಂದೂ ಆಗುತ್ತದೆ. ವರದಿಯಲ್ಲಿ ಈ ವ್ಯತ್ಯಾಸ ಒಬ್ಬರ ಮಾನ ಕಳೆಯಬಲ್ಲದು. ‘ಒಬ್ಬೊಬ್ಬರು’ ಎಂಬುದಂತೂ ಪೂರ್ತಿ ಬೇರೆ, ಒಬ್ಬರಾದ ಮೇಲೆ ಒಬ್ಬರು ಅಥವಾ ತಲಾ ಎಂಬ ಅರ್ಥದ್ದು.

ಇಷ್ಟು ತಿಳಿದ ಮೇಲೆ ‘ಪರಸ್ಪರ’ ಯಾವಾಗ ಬೇಕು? ನಾಮಪದದ ಮುಂದೆ. ‘ಒಬ್ಬರ ಮೇಲೊಬ್ಬರಿಗಿರುವ ನಂಬಿಕೆ’ ಎಂದು ಎಳೆಯುವ ಬದಲು ‘ಪರಸ್ಪರ ನಂಬಿಕೆ’ ಸಾಕು. ಕ್ರಿಯಾಪದದ ಮುಂದೆ ‘ಒಬ್ಬರನ್ನೊಬ್ಬರು’ ಇರಲಿ, ಯಾಕೆಂದರೆ ಅದು ವಿಭಕ್ತಿಯನ್ನು ಹೊತ್ತು ತರುತ್ತದೆ. ‘ಪರಸ್ಪರ ದೂರಿದರು’ ಎಂದರೆ ಒಬ್ಬರನ್ನೊಬ್ಬರು ದೂರಿದರೇ, ಒಬ್ಬರ ಬಳಿ ಒಬ್ಬರು ಮೂರನೆಯವರನ್ನು ದೂರಿದರೇ ಎಂಬುದು ಮುಚ್ಚಿಹೋಗುತ್ತದೆ.

ಹಂತ 4: ಕ್ರಿಯಾಪದದೊಳಗೇ ಇರುವ ಪರಸ್ಪರತೆಯನ್ನು ಗಮನಿಸಿ

ಹೊಡೆದಾಡು, ಬಡಿದಾಡು, ಗುದ್ದಾಡು, ಕಿತ್ತಾಡು, ಬೈದಾಡು, ಕಚ್ಚಾಡು. ಇವುಗಳಲ್ಲಿ ‘ಆಡು’ ಎಂಬುದೇ ಎರಡೂ ಕಡೆಯಿಂದ ನಡೆದದ್ದನ್ನು ಹೇಳಿಬಿಡುತ್ತದೆ. ‘ಹೊಡೆದರು’ ಎಂದರೆ ಪೆಟ್ಟು ಒಂದು ಕಡೆಯದು, ‘ಹೊಡೆದಾಡಿದರು’ ಎಂದರೆ ಎರಡು ಕಡೆಯದು. ಒಬ್ಬ ಸುಮ್ಮನೆ ಪೆಟ್ಟು ತಿಂದಿದ್ದರೆ ‘ಹೊಡೆದಾಡಿದರು’ ಎಂದು ಬರೆಯುವುದು ಅವನಿಗೆ ಮಾಡುವ ಅನ್ಯಾಯ. ಪೊಲೀಸ್ ದೂರು, ಶಾಲೆಯ ವರದಿ ಬರೆಯುವವರು ಈ ಒಂದು ಪ್ರತ್ಯಯವನ್ನು ಎರಡು ಸಲ ನೋಡಬೇಕು.

ಆದರೆ ‘ಆಡು’ ಇದ್ದಲ್ಲೆಲ್ಲ ಪರಸ್ಪರತೆ ಇರುವುದಿಲ್ಲ. ಓಡಾಡು, ಅಲೆದಾಡು, ತೂಗಾಡು, ಪರದಾಡು ಇವು ಮತ್ತೆ ಮತ್ತೆ ನಡೆಯುವುದನ್ನು ಹೇಳುತ್ತವೆ. ‘ಒದೆ’ಯಿಂದ ಬಂದ ‘ಒದ್ದಾಡು’ ಎಂದರೆ ಒಬ್ಬನೇ ನೋವಿನಿಂದ ಹೊರಳುವುದು. ‘ಎಳೆದಾಡು’ ಎರಡೂ ಆಗಬಲ್ಲದು: ‘ಹಗ್ಗಕ್ಕೆ ಎಳೆದಾಡಿದರು’ ಎಂದರೆ ಎರಡು ಕಡೆ, ‘ಅವನನ್ನು ಎಳೆದಾಡಿದರು’ ಎಂದರೆ ಒಂದೇ ಕಡೆ.

‘ಕೊಳ್ಳು’ ಇನ್ನಷ್ಟು ಜಾರುವ ಪದ. ಅದು ತನಗಾಗಿ ಮಾಡಿದ್ದನ್ನೂ ಹೇಳುತ್ತದೆ, ತಮ್ಮತಮ್ಮಲ್ಲಿ ಮಾಡಿದ್ದನ್ನೂ ಹೇಳುತ್ತದೆ. ‘ಮಾತಾಡಿಕೊಂಡರು’, ‘ಹಂಚಿಕೊಂಡರು’ ಇವುಗಳಲ್ಲಿ ಗೊಂದಲವಿಲ್ಲ. ‘ಬಣ್ಣ ಹಚ್ಚಿಕೊಂಡರು’, ‘ಕೈ ಹಿಡಿದುಕೊಂಡರು’, ಮೊದಲು ನೋಡಿದ ‘ಹಾರ ಹಾಕಿಕೊಂಡರು’ ಇವುಗಳಲ್ಲಿ ಇದೆ. ತಮ್ಮ ಮೈಮೇಲೆ ತಾವೇ ಮಾಡಿಕೊಳ್ಳಬಹುದಾದ ಕೆಲಸವಾದರೆ ಮುಂದೆ ಒಂದು ಗುರುತು ಇಡಲೇಬೇಕು: ‘ಒಬ್ಬರಿಗೊಬ್ಬರು ಬಣ್ಣ ಹಚ್ಚಿಕೊಂಡರು’, ‘ವಧೂವರರು ಹಾರ ಬದಲಾಯಿಸಿಕೊಂಡರು.’

ಇನ್ನು ‘ಊ’. ‘ಅವರಿಬ್ಬರು ಮದುವೆಯಾದರು’ ಎಂದರೆ ಅವಳನ್ನು ಅವನು, ಅವನನ್ನು ಅವಳು ಎಂದು ಕಿವಿಗೆ ಬೀಳುತ್ತದೆ. ‘ಅವರಿಬ್ಬರಿಗೂ ಮದುವೆಯಾಯಿತು’ ಎಂದರೆ ಇಬ್ಬರಿಗೂ ಬೇರೆ ಬೇರೆ ಕಡೆ ಆಯಿತು ಎಂದು. ಒಂದು ದೀರ್ಘಸ್ವರ ಮತ್ತು ಒಂದು ವಿಭಕ್ತಿಯಲ್ಲಿ ಎರಡು ಸಂಸಾರಗಳ ಲೆಕ್ಕ ಬದಲಾಗುತ್ತದೆ.

ಎಲ್ಲ ಗುರುತುಗಳನ್ನೂ ಒಂದೇ ವಾಕ್ಯಕ್ಕೆ ಹೊರಿಸುವುದು ಇದಕ್ಕೆ ವಿರುದ್ಧವಾದ ತಪ್ಪು: ‘ಪರಸ್ಪರ ಒಬ್ಬರನ್ನೊಬ್ಬರು ಬೈದಾಡಿಕೊಂಡರು.’ ಇಲ್ಲಿ ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದಾಗಿದೆ. ‘ಬೈದಾಡಿದರು’ ಸಾಕು. ‘ಪರಸ್ಪರ’ ಮತ್ತು ‘ಒಬ್ಬರಿಗೊಬ್ಬರು’ ಒಂದೇ ವಾಕ್ಯದಲ್ಲಿ ಕಂಡರೆ ಒಂದನ್ನು ಹೊಡೆದುಹಾಕಿ.

ಹಂತ 5: ಅಕ್ಕಪಕ್ಕದ ಪದಗಳನ್ನು ಬೇರ್ಪಡಿಸಿ

‘ಅನ್ಯೋನ್ಯ’ಕ್ಕೆ ಸಂಸ್ಕೃತದಲ್ಲಿ ‘ಪರಸ್ಪರ’ದ ಅರ್ಥವೇ. ಕನ್ನಡಕ್ಕೆ ಬಂದು ಅದು ಬೆಚ್ಚಗಾಯಿತು. ‘ಗಂಡಹೆಂಡತಿ ಅನ್ಯೋನ್ಯವಾಗಿದ್ದಾರೆ’ ಎಂದರೆ ಪ್ರೀತಿಯಿಂದ, ಒಡಕಿಲ್ಲದೆ ಇದ್ದಾರೆ ಎಂದು. ಹಾಗಾಗಿ ‘ಪರಸ್ಪರ ದ್ವೇಷ’ ಇರಬಹುದು, ‘ಅನ್ಯೋನ್ಯ ದ್ವೇಷ’ ಇಂದಿನ ಕನ್ನಡದಲ್ಲಿ ನಿಲ್ಲುವುದಿಲ್ಲ. ಹಳೆಯ ಅರ್ಥ ಶಾಸ್ತ್ರದ ಮಾತುಗಳಲ್ಲಿ ಉಳಿದಿದೆ. ಒಂದನ್ನು ಸಾಧಿಸಲು ಇನ್ನೊಂದು, ಆ ಇನ್ನೊಂದನ್ನು ಸಾಧಿಸಲು ಮತ್ತೆ ಮೊದಲನೆಯದು ಬೇಕಾಗುವ ವಾದದೋಷಕ್ಕೆ ತರ್ಕದಲ್ಲಿ ‘ಅನ್ಯೋನ್ಯಾಶ್ರಯ’ ಎನ್ನುತ್ತಾರೆ. ಚಂದ್ರನಿಂದ ಇರುಳಿಗೆ ಶೋಭೆ, ಇರುಳಿನಿಂದ ಚಂದ್ರನಿಗೆ ಶೋಭೆ ಎಂಬಂಥ ಮಾತು ಅಲಂಕಾರಶಾಸ್ತ್ರದಲ್ಲಿ ‘ಅನ್ಯೋನ್ಯ’ ಅಲಂಕಾರ. ಕಾಗುಣಿತ ‘ಅನ್ಯೋನ್ಯ’, ‘ಅನೋನ್ಯ’ ಅಲ್ಲ.

‘ಉಭಯ’ ಎಂದರೆ ಎರಡೂ. ಪರಸ್ಪರ ಎಂದಲ್ಲ. ಹಿಂದಿನವರು ಕಾಗದ ಬರೆಯುವಾಗ ‘ಉಭಯ ಕುಶಲೋಪರಿ’ ಎಂದು ಆರಂಭಿಸುತ್ತಿದ್ದುದು ಇತ್ತ ನಾವೂ ಅತ್ತ ನೀವೂ ಕ್ಷೇಮ ಎಂಬ ಅರ್ಥದಲ್ಲಿ. ‘ಉಭಯ ಬಣಗಳು ಆರೋಪ ಮಾಡಿದವು’ ಎಂದರೆ ಆರೋಪ ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ಮೂರು ಪಕ್ಷಗಳಿದ್ದರೆ ‘ಉಭಯ’ ಬರಲೇಬಾರದು. ‘ಇತರೇತರ’ವನ್ನು ಇತ್ಯಾದಿ ಎಂಬರ್ಥದಲ್ಲಿ ಬಳಸುವವರಿದ್ದಾರೆ, ಅದು ತಪ್ಪು. ಸಮಾಸದ ಹೆಸರಾಗಿ ‘ಇತರೇತರ ದ್ವಂದ್ವ’ ಎಂಬಲ್ಲಿ ಬಿಟ್ಟರೆ ಇಂದಿನ ಬರಹಕ್ಕೆ ಅದು ಬೇಕಾಗಿಯೂ ಇಲ್ಲ.

ಹೆಚ್ಚು ಪೆಟ್ಟು ತಿಂದಿರುವುದು ಹಂಚಿಕೆಯ ಸಂಬಂಧ. ಮೊಬೈಲ್ ಪರದೆಗಳಲ್ಲಿ ‘ಪರಸ್ಪರ ಸ್ನೇಹಿತರು’ ಎಂದು ಕಾಣುತ್ತದೆ. ಅಲ್ಲಿ ಹೇಳಹೊರಟಿರುವುದು ನಿಮಗೂ ಇನ್ನೊಬ್ಬರಿಗೂ ಸ್ನೇಹಿತರಾದ ಮೂರನೆಯವರನ್ನು. ಕನ್ನಡದಲ್ಲಿ ‘ಪರಸ್ಪರ ಸ್ನೇಹಿತರು’ ಎಂದರೆ ಒಬ್ಬರಿಗೊಬ್ಬರು ಸ್ನೇಹಿತರು. ‘ಸಾಮಾನ್ಯ ಸ್ನೇಹಿತರು’ ಎಂದರೆ ಇನ್ನೂ ಕೆಟ್ಟಿತು, ವಿಶೇಷವಿಲ್ಲದ ಸ್ನೇಹಿತರು ಎಂದಾಗುತ್ತದೆ. ‘ಇಬ್ಬರಿಗೂ ಗೊತ್ತಿರುವವರು’ ಎನ್ನಿ, ‘ಇಬ್ಬರಿಗೂ ಗೆಳೆಯರಾದವರು’ ಎನ್ನಿ. ಗಣಿತದಲ್ಲಿ ‘ಲಘುತಮ ಸಾಮಾನ್ಯ ಅಪವರ್ತ್ಯ’ ಎಂಬಲ್ಲಿ ‘ಸಾಮಾನ್ಯ’ಕ್ಕೆ ಎರಡಕ್ಕೂ ಸೇರಿದ್ದು ಎಂಬ ಹಳೆಯ ಅರ್ಥ ಇದೆ, ಅದನ್ನು ಅಲ್ಲೇ ಇರಗೊಡಿ. ಉಳಿದ ಕಡೆ ಆಸ್ತಿ, ಖಾತೆ, ಹೊಣೆಗೆ ‘ಜಂಟಿ’. ಆಸಕ್ತಿ, ಶತ್ರು, ಗುರಿಗೆ ‘ಸಮಾನ’. ಸಂಸಾರಕ್ಕೆ ‘ಕೂಡು’ ಅಥವಾ ‘ಅವಿಭಕ್ತ’. ‘ಮ್ಯೂಚುವಲ್ ಫಂಡ್’ ಎಂಬುದು ಜನರ ಬಾಯಲ್ಲಿ ಕೂತುಬಿಟ್ಟಿದೆ, ‘ಪರಸ್ಪರ ನಿಧಿ’ ಎಂದರೆ ಯಾರಿಗೂ ತಿಳಿಯದು.

ನೆಂಟಸ್ತಿಕೆಯ ಪದಗಳಲ್ಲೇ ಇರುವ ಪರಸ್ಪರತೆ

ಕೆಲವು ಸಂಬಂಧಗಳಿಗೆ ಎರಡೂ ಕಡೆಯಿಂದ ಒಂದೇ ಹೆಸರು. ‘ನಾನು ಅವರಿಗೆ ಏನಾಗಬೇಕೋ ಅವರೂ ನನಗೆ ಅದೇ ಆಗಬೇಕು’ ಎಂದು ಹೇಳಲು ಬಂದರೆ ಆ ಪದ ಪರಸ್ಪರದ್ದು. ಮದುವೆಯಾದ ಹುಡುಗ ಹುಡುಗಿಯ ತಂದೆತಾಯಿಗಳು ಒಬ್ಬರಿಗೊಬ್ಬರು ‘ಬೀಗರು’. ಅಕ್ಕತಂಗಿಯರನ್ನು ಮದುವೆಯಾದವರು ಒಬ್ಬರಿಗೊಬ್ಬರು ‘ಷಡ್ಡಕ’. ಅಣ್ಣತಮ್ಮಂದಿರ ಹೆಂಡಿರು ‘ಓರಗಿತ್ತಿ’ಯರು, ಉತ್ತರ ಕರ್ನಾಟಕದಲ್ಲಿ ‘ನೆಗೆಣ್ಣಿ’ಯರು. ಈ ಪದಗಳ ಮುಂದೆ ‘ಪರಸ್ಪರ’ ಬೇಡ. ‘ಅವರು ಬೀಗರು’ ಎಂದರೆ ಸಾಕು, ಎರಡು ಬಾಣಗಳೂ ಅದರಲ್ಲೇ ಇವೆ.

ಅತ್ತೆ ಸೊಸೆ, ಅಣ್ಣ ತಮ್ಮ, ಅತ್ತಿಗೆ ನಾದಿನಿ ಹಾಗಲ್ಲ. ಅಲ್ಲಿ ಅತ್ತ ಒಂದು ಹೆಸರು, ಇತ್ತ ಒಂದು ಹೆಸರು. ಅದಕ್ಕೇ ಅವನ್ನು ಜೋಡಿಪದವಾಗಿ ಹೇಳುತ್ತೇವೆ: ‘ಅವರು ಅತ್ತೆಸೊಸೆಯರು.’ ‘ಅವರು ಒಬ್ಬರಿಗೊಬ್ಬರು ಅತ್ತೆ’ ಎಂದು ಹೇಳಲಾಗದು. ‘ಒಬ್ಬರಿಗೊಬ್ಬರು ಅಣ್ಣತಮ್ಮಂದಿರು’ ಎನ್ನುವುದೂ ಅನಗತ್ಯ. ‘ಅಣ್ಣತಮ್ಮಂದಿರು’ ಎಂಬ ಜೋಡಿ ಆ ಕೆಲಸ ಮುಗಿಸಿದೆ.

ಇಲ್ಲೇ ‘ಮುಯ್ಯಿ’ಯನ್ನೂ ನೆನೆಯಬೇಕು. ಹಳ್ಳಿಯಲ್ಲಿ ಇಂದು ನಮ್ಮ ಹೊಲಕ್ಕೆ ನೀವು ಆಳಾಗಿ ಬಂದರೆ ನಿಮ್ಮ ಹೊಲಕ್ಕೆ ನಾವು ಬರುವುದು ಮುಯ್ಯಾಳು. ಮದುವೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ, ಅದು ಅವರ ಮನೆಯ ಮದುವೆಯಲ್ಲಿ ಹಿಂತಿರುಗಬೇಕಾದ್ದು. ‘ಮುಯ್ಯಿ ತೀರಿಸಿಕೊಂಡ’ ಎಂದರೆ ಸೇಡು. ‘ಪರಸ್ಪರ’ದಲ್ಲಿ ಎರಡು ಬಾಣಗಳೂ ಒಂದೇ ಗಳಿಗೆಯಲ್ಲಿ ಹಾರಬಹುದು, ‘ಮುಯ್ಯಿ’ಯಲ್ಲಿ ಮೊದಲನೆಯದು ಇಂದು, ಎರಡನೆಯದು ನಾಳೆ, ನಡುವೆ ಒಂದು ಬಾಕಿ ಇರುತ್ತದೆ. ಹಿಂದೆ ಮಾಡಿದ ಉಪಕಾರವನ್ನು ಈಗ ಹಿಂತಿರುಗಿಸುವುದನ್ನು ಬರೆಯುವಾಗ ‘ಪರಸ್ಪರ ಸಹಾಯ’ಕ್ಕಿಂತ ಈ ಪದ ನಿಖರ. ಇದನ್ನು ಬರಹದಿಂದ ಹೊರಗಿಟ್ಟಿರುವುದು ನಮ್ಮದೇ ನಷ್ಟ.

ವಿಜ್ಞಾನ ಮತ್ತು ಕಾನೂನಿನಲ್ಲಿ

ಎರಡು ರೇಖೆಗಳು ‘ಪರಸ್ಪರ ಲಂಬ’, ‘ಪರಸ್ಪರ ಛೇದಿಸುತ್ತವೆ’ ಎಂದು ಗಣಿತದಲ್ಲಿ ಬರೆಯುವುದು ಸರಿಯಾದ ಬಳಕೆ. ಮೂರು ಅಕ್ಷಗಳು ಪರಸ್ಪರ ಲಂಬ ಎಂದರೆ ಮೂರು ಜೋಡಿಗಳೂ ಲಂಬ ಎಂದರ್ಥ. ಆದರೆ 5 ಮತ್ತು 1/5ರ ಸಂಬಂಧಕ್ಕೆ ಕನ್ನಡದ ಪದ ‘ವ್ಯುತ್ಕ್ರಮ’. ಜೀವಶಾಸ್ತ್ರದಲ್ಲಿ ‘ಪರಸ್ಪರ’ ಬಳಸುವ ಮುನ್ನ ಬಾಣ ಎಣಿಸಿ. ಕಲ್ಲುಹೂವಿನಲ್ಲಿ ಪಾಚಿ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಆಸರೆ ಮತ್ತು ತೇವ ಒದಗಿಸುತ್ತದೆ, ಅದು ಪರಸ್ಪರೋಪಕಾರ. ಮರದ ರಸ ಹೀರುವ ಬಂದಳಿಕೆಯದು ಹಾಗಲ್ಲ.

ಕಾನೂನಿನಲ್ಲಿ 1872ರ ಭಾರತೀಯ ಕರಾರು ಕಾಯ್ದೆ ಒಂದಕ್ಕೊಂದು ಪ್ರತಿಫಲವಾಗಿರುವ ವಚನಗಳನ್ನು ಪರಸ್ಪರ ವಚನಗಳೆಂದು ಗುರುತಿಸುತ್ತದೆ. ಅದರ 52ನೇ ಕಲಂ ಪ್ರಕಾರ ಯಾವುದು ಮೊದಲು ಎಂದು ಕರಾರಿನಲ್ಲೇ ಹೇಳಿದ್ದರೆ ಆ ಕ್ರಮ; ಹೇಳದಿದ್ದರೆ ವ್ಯವಹಾರದ ಸ್ವರೂಪ ಬೇಡುವ ಕ್ರಮ. ಎಂದರೆ ‘ಪರಸ್ಪರ’ ಎಂಬ ಪದದಲ್ಲಿ ಹಿಂದುಮುಂದು ಇಲ್ಲ, ಅದನ್ನು ನೀವೇ ಬರೆಯಬೇಕು. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ ‘ಪರಸ್ಪರ ಒಪ್ಪಿಗೆ’ಯ ವಿಚ್ಛೇದನದ್ದು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕೂಡಿ ಅರ್ಜಿ ಕೊಡಬೇಕು. ಒಬ್ಬರು ಅರ್ಜಿ ಹಾಕಿ ಇನ್ನೊಬ್ಬರು ಎದುರಾಡದೆ ಸುಮ್ಮನಿದ್ದರೆ ಅದು ಪರಸ್ಪರ ಒಪ್ಪಿಗೆಯಾಗದು.

ಹಂತ 6: ಬರೆದದ್ದನ್ನು ಬಿಡಿಸಿ ನೋಡಿ

ಮೂವರು ಪಾಲುದಾರರ ಕರಾರಿನ ಕರಡು ಹೀಗಿದೆ ಎಂದುಕೊಳ್ಳಿ:

‘ಉಭಯ ಪಾಲುದಾರರು ಪರಸ್ಪರ ಒಬ್ಬರಿಗೊಬ್ಬರಿಗೆ ಮಾಹಿತಿ ಹಂಚಿಕೊಳ್ಳತಕ್ಕದ್ದು ಹಾಗೂ ಪರಸ್ಪರ ಖರ್ಚುಗಳನ್ನು ಭರಿಸತಕ್ಕದ್ದು. ಅನ್ಯೋನ್ಯ ಒಪ್ಪಿಗೆಯಿಂದ ಕರಾರನ್ನು ರದ್ದುಪಡಿಸಬಹುದು.’

ಮೂವರಿರುವಾಗ ‘ಉಭಯ’ ಬಿದ್ದುಹೋಯಿತು. ‘ಪರಸ್ಪರ ಒಬ್ಬರಿಗೊಬ್ಬರಿಗೆ’ ಎಂಬಲ್ಲಿ ಒಂದು ಪದ ಹೆಚ್ಚು, ಒಂದು ಪ್ರತ್ಯಯ ಹೆಚ್ಚು. ‘ಪರಸ್ಪರ ಖರ್ಚು’ ಎಲ್ಲಕ್ಕಿಂತ ಅಪಾಯದ್ದು. ಒಬ್ಬರ ಖರ್ಚನ್ನು ಇನ್ನೊಬ್ಬರು ಕೊಡಬೇಕೇ, ಒಟ್ಟು ಖರ್ಚನ್ನು ಸಮಪಾಲು ಮಾಡಬೇಕೇ, ಅವರವರದ್ದು ಅವರವರೇ ನೋಡಿಕೊಳ್ಳಬೇಕೇ? ಮೂರು ಓದಿಗೂ ಬಾಗಿಲು ತೆರೆದಿದೆ, ಮೂರರಲ್ಲೂ ಹಣದ ಮೊತ್ತ ಬೇರೆ. ‘ಅನ್ಯೋನ್ಯ ಒಪ್ಪಿಗೆ’ ದಾಂಪತ್ಯದ ಭಾಷೆ, ಮೇಲಾಗಿ ಇಬ್ಬರು ಒಪ್ಪಿದರೆ ಸಾಕೇ ಮೂವರೂ ಒಪ್ಪಬೇಕೇ ಎಂಬುದನ್ನು ಹೇಳುವುದಿಲ್ಲ. ತಿದ್ದಿದ ಮೇಲೆ:

‘ಮೂವರು ಪಾಲುದಾರರಲ್ಲಿ ಪ್ರತಿಯೊಬ್ಬರೂ ವ್ಯವಹಾರದ ಮಾಹಿತಿಯನ್ನು ತಮಗೆ ತಿಳಿದ 7 ದಿನದೊಳಗೆ ಉಳಿದಿಬ್ಬರಿಗೂ ಬರಹದಲ್ಲಿ ತಿಳಿಸಬೇಕು. ವ್ಯವಹಾರದ ಒಟ್ಟು ಖರ್ಚನ್ನು ಮೂವರೂ ಸಮಪಾಲಾಗಿ ಭರಿಸಬೇಕು. ಮೂವರೂ ಒಪ್ಪಿ ಸಹಿ ಮಾಡಿದರೆ ಮಾತ್ರ ಕರಾರು ರದ್ದಾಗುತ್ತದೆ.’

ತಿದ್ದಿದ ಕರಡಿನಲ್ಲಿ ‘ಪರಸ್ಪರ’ ಒಂದು ಸಲವೂ ಇಲ್ಲ. ಬಾಣಗಳೆಲ್ಲ ಅವುಗಳ ಜಾಗದಲ್ಲೇ ಇವೆ.